ಪ್ರಳಯದ ಚಿತ್ರ, ಗುಡ್ಡದ ಲೆಕ್ಕ

ರಷ್ಯದ ಕಲಾವಿದ ವಾಸಿಲಿ ಕಾಂಡಿನ್‌ಸ್ಕಿ 1913ರಲ್ಲಿ ‘ಕಾಂಪೊಸಿಷನ್ 6’ ಎಂಬ ಬೃಹತ್ ಅಮೂರ್ತ ಚಿತ್ರವನ್ನು ರಚಿಸಿದರು. ಬೈಬಲಿನ ಜಲಪ್ರಳಯವೇ ಅದರ ಮೂಲ. ಮೊದಲು ಗಾಜಿನ ಮೇಲೆ ಬರೆದ ಚಿತ್ರದಲ್ಲಿ ಮನುಷ್ಯರು, ಪ್ರಾಣಿಗಳು, ನಾವೆ ಎಲ್ಲವೂ ಇದ್ದವು. ಆ ಆಕಾರಗಳಿಗೆ ಅಂಟಿಕೊಂಡಿರುವವರೆಗೆ ದೊಡ್ಡ ಚಿತ್ರ ಕೈಗೂಡಲಿಲ್ಲ. ಒಂದೂವರೆ ವರ್ಷ ಕಳೆಯಿತು. ಆಕಾರಗಳು ಕರಗಿ, ಓರೆಗೆರೆಗಳೂ ಒಂದರೊಳಗೊಂದು ನುಗ್ಗುವ ಬಣ್ಣಗಳೂ ಉಳಿದಾಗಲೇ ವಿನಾಶದ ಅನುಭವ ಮೂಡಿತು. ಅದರಲ್ಲೇ ಹೊಸ ಸೃಷ್ಟಿಯ ಸ್ತುತಿಯನ್ನೂ ಅವರು ಕಂಡರು.

ಆಕಾರಗಳನ್ನು ಕರಗಿಸುವ ಈ ಸ್ವಾತಂತ್ರ್ಯ ಕಲೆಗೆ ಸಲ್ಲುತ್ತದೆ, ಆಡಳಿತಕ್ಕೆ ಸಲ್ಲದು. 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡಗಳು ಕುಸಿದು ಜೀವಗಳು ಹೋದವು. ಇಂಥಲ್ಲೆಲ್ಲ ‘ಪ್ರಕೃತಿ ವಿಕೋಪ’ ಎಂಬ ಒಂದೇ ಮಾತು, ಪರಿಶೀಲಿಸಬೇಕಾದ ಆಕಾರಗಳನ್ನು ಅಳಿಸಿಬಿಡುತ್ತದೆ: ರಸ್ತೆಗಾಗಿ ಕಡಿದ ಧರೆ, ಮುಚ್ಚಿಹೋದ ನೀರಿನ ದಾರಿ, ಮಣ್ಣು ಹಿಡಿದಿದ್ದ ಬೇರು. ಹೆಸರಿಲ್ಲದ ವಿನಾಶ ಚಿತ್ರದಲ್ಲಿ ಕಣ್ಣು ತೆರೆಸುತ್ತದೆ. ವರದಿಯಲ್ಲಿ ಹೊಣೆಯನ್ನು ಮರೆಸುತ್ತದೆ.

ಮಲೆನಾಡಿನ ವಿದ್ಯಾರ್ಥಿಗಳು ಕುಸಿದ ಗುಡ್ಡವನ್ನು ಬಣ್ಣಗಳಲ್ಲಿ ಬರೆಯಲಿ. ಜೊತೆಗೆ ಧರೆಯ ಎತ್ತರ, ಹಳ್ಳದ ದಿಕ್ಕು, ಮಳೆಯ ಅಳತೆ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ.