ಅನ್ನಕ್ಕೂ ಎಣ್ಣೆಗೂ ಜಗಳ ಹಚ್ಚಬೇಡಿ

ಬೊಜ್ಜು ಕರಗಬೇಕಾದರೆ ಅನ್ನದ ಊಟದಲ್ಲಿ ಎಣ್ಣೆ-ತುಪ್ಪ ಇರಲೇಕೂಡದು ಎಂಬ, ಪತ್ರಿಕೆಯ ಆರೋಗ್ಯ ಪುಟದ ಸಲಹೆ ಒಪ್ಪುವಂಥದ್ದಲ್ಲ. ಮುಂಡಗೋಡ ತಾಲೂಕಿನ ನಮ್ಮ ಇಂದೂರ ಭತ್ತ, ಗೋವಿನಜೋಳದ ಸೀಮೆ. ಇಲ್ಲಿ ಅನ್ನ, ಕಾಳುಪಲ್ಯ, ಶೇಂಗಾ ಚಟ್ನಿ ಒಂದೇ ತಾಟಿಗೆ ಬೀಳುತ್ತವೆ. ಬೇರ್ಪಡಿಸುವುದಾದರೂ ಹೇಗೆ? 100 ಗ್ರಾಂ ಶೇಂಗಾದಲ್ಲೇ ಸುಮಾರು 25 ಗ್ರಾಂ ಪ್ರೋಟೀನು, ಅದರ ಹೆಚ್ಚುಕಡಿಮೆ ಇಮ್ಮಡಿ ಕೊಬ್ಬು, ಜೊತೆಗೆ ಒಂದಿಷ್ಟು ಪಿಷ್ಟವೂ ಇದೆ. 2000ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದು ಹೀಗೆ ಬೇರ್ಪಡಿಸಿ ಉಣ್ಣುವುದನ್ನೇ ಪರೀಕ್ಷಿಸಿತ್ತು: 54 ಸ್ಥೂಲಕಾಯರು, ದಿನಕ್ಕೆ 1,100 ಕ್ಯಾಲೊರಿ, ಆರು ವಾರ. ಬೇರೆಬೇರೆ ಮಾಡಿ ಉಂಡವರು ಸರಾಸರಿ 6.2 ಕಿಲೊ ಇಳಿದರೆ, ಕೂಡಿಸಿ ಉಂಡವರು 7.5 ಕಿಲೊ ಇಳಿದರು. ಬೇರ್ಪಡಿಸಿದ್ದರಿಂದ ಲಾಭವೇನೂ ಆಗಲಿಲ್ಲ.

ಅನ್ನದಿಂದ ಏರುವ ಇನ್ಸುಲಿನ್ ಕೊಬ್ಬು ಕರಗಲು ಬಿಡುವುದಿಲ್ಲವಲ್ಲ ಎನ್ನಬಹುದು. ನಿಜ, ಆದರೆ ಅದು ಕೆಲವು ತಾಸಿನ ಮಾತು. ತೂಕ ನಿರ್ಧರಿಸುವುದು ದಿನಗಟ್ಟಲೆಯ ಒಟ್ಟು ಜಮಾ-ಖರ್ಚು. ಹಾಗಾದರೆ ಹಿಟ್ಟು-ಎಣ್ಣೆ ಕೂಡಿದ ಮಿರ್ಚಿ-ಭಜಿ ಬೊಜ್ಜು ತರುವುದಿಲ್ಲವೇ? ತರುತ್ತದೆ, ಕೈ ತಡೆಯದಷ್ಟು ತಿನ್ನುತ್ತೇವಾದ್ದರಿಂದ. ನಮ್ಮ ತಾಟಿನ ನಿಜವಾದ ಕೊರತೆ ಬೇರೆ. 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಂತೆ ಭಾರತೀಯರ ಆಹಾರ ಶಕ್ತಿಯಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನದು, ಪ್ರೋಟೀನಿನದು ಶೇ 12 ಮಾತ್ರ. ಆದ್ದರಿಂದ ಅನ್ನ ಒಂದು ಸೌಟು ಇಳಿಸಿ, ಕಾಳು ಒಂದು ಸೌಟು ಏರಿಸಿ, ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿ.