ಮತ ಕಥೆಗೋ, ಕಥೆಗಾರನಿಗೋ?

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆ ಗಾದೆ ನಮಗೇ ಅನ್ವಯಿಸುವ ಪ್ರಸಂಗವೊಂದು ಈ ವರ್ಷ ನಡೆಯಿತು. ಕೈಬರಹದ ಪತ್ರಿಕೆಗಾಗಿ ನಾವು ಹತ್ತನೆಯ ತರಗತಿಯವರು ವೈಜ್ಞಾನಿಕ ಕಥೆಗಳನ್ನು ಬರೆದಿದ್ದೆವು. ಉತ್ತಮ ಕಥೆಯನ್ನು ನೀವೇ ಕೈಯೆತ್ತಿ ಆರಿಸಿರಿ ಎಂದರು ಗುರುಗಳು. ವೆರ್ಣಾದ ಕೈಗಾರಿಕಾ ವಸಾಹತಿಗೆ ದುಡಿಯಲು ಬಂದ ತಂದೆತಾಯಿಗಳ ಮಕ್ಕಳು ನಾವು. ಗದಗದವರು ಗದಗದವನಿಗೆ, ಬಾಗಲಕೋಟೆಯವರು ಬಾಗಲಕೋಟೆಯವಳಿಗೆ ಕೈಯೆತ್ತಿದೆವು. "ಎಲ್ಲ ಕಥೆಗಳನ್ನೂ ಓದಿದವರು ಯಾರು?" ಎಂದು ಗುರುಗಳು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ.

ತನ್ನ ಜಿಲ್ಲೆಯವರು ಬೇರಾರೂ ಇಲ್ಲದ ಸಹಪಾಠಿಯೊಬ್ಬಳಿಗೆ ಒಂದೂ ಮತ ಬೀಳಲಿಲ್ಲ. ಅವಳ ಕಥೆಯನ್ನು ನಾವು ಓದಿದ್ದು ಅನಂತರ. ರಾತ್ರಿ ಪಾಳಿಯ ಕೆಲಸಗಾರನ ಆಯಾಸವನ್ನು ಕಂಡು ತಾನಾಗಿಯೇ ನಿಂತುಬಿಡುವ ಯಂತ್ರದ ಕಥೆ ಅದು. ಓದುತ್ತಿದ್ದಂತೆ ನಮ್ಮಲ್ಲಿ ಹಲವರಿಗೆ ತಮ್ಮ ತಂದೆಯೇ ನೆನಪಾದರು. ಆದರೆ ಅಷ್ಟರಲ್ಲಿ ಬಹುಮಾನ ಕೊಟ್ಟಾಗಿತ್ತು.

ಇಂಥ ತಪ್ಪು ದೊಡ್ಡವರ ಲೋಕದಲ್ಲಿಯೂ ನಡೆದಿದೆ. ವೈಜ್ಞಾನಿಕ ಕಥಾಸಾಹಿತ್ಯದ ಹೆಸರಾಂತ ಹ್ಯೂಗೋ ಪ್ರಶಸ್ತಿಯನ್ನು 1953ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊದಲು ಕೊಡಲಾಯಿತು. ಇದನ್ನು ತೀರ್ಮಾನಿಸುವವರು ಪಂಡಿತರ ಮಂಡಳಿಯಲ್ಲ, ವಿಶ್ವ ಸಮ್ಮೇಳನಕ್ಕೆ ಹಣ ಕೊಟ್ಟು ಸದಸ್ಯರಾದ ಓದುಗರು. ಮೊದಲ ಸುತ್ತಿನಲ್ಲಿ ಒಬ್ಬರು ಪ್ರತಿ ವಿಭಾಗಕ್ಕೂ ಐದು ಕೃತಿಗಳನ್ನು ಸೂಚಿಸಬಹುದು. ಎರಡನೆಯ ಸುತ್ತಿನಲ್ಲಿ ಮೆಚ್ಚಿಗೆಯ ಕ್ರಮದಂತೆ 1, 2, 3 ಎಂದು ಅಂಕಿ ಹಾಕಬೇಕು. ಯಾವುದೂ ಯೋಗ್ಯವಲ್ಲವೆನಿಸಿದರೆ 'ಪ್ರಶಸ್ತಿ ಬೇಡ' ಎಂದೂ ಮತ ಹಾಕಬಹುದು.

2015ರಲ್ಲಿ ಎರಡು ಗುಂಪುಗಳು ಮೊದಲೇ ಪಟ್ಟಿ ಸಿದ್ಧಪಡಿಸಿ ಬೆಂಬಲಿಗರಿಗೆ ಹಂಚಿದವು. ಉಳಿದ ಓದುಗರ ಮತಗಳು ಹತ್ತಾರು ಕೃತಿಗಳಿಗೆ ಹರಿದುಹೋದವು. ಪಟ್ಟಿಯವರ ಮತಗಳು ಒಂದೆಡೆ ಕೂಡಿದವು. ಕೆಲವು ವಿಭಾಗಗಳಲ್ಲಿ ಐದಕ್ಕೆ ಐದೂ ಸ್ಥಾನಗಳು ಪಟ್ಟಿಯ ಪಾಲಾದವು. ಇದರಿಂದ ಸಿಟ್ಟಿಗೆದ್ದ ಬಹುಪಾಲು ಸದಸ್ಯರು ಕೊನೆಯ ಸುತ್ತಿನಲ್ಲಿ ಐದು ವಿಭಾಗಗಳಿಗೆ 'ಪ್ರಶಸ್ತಿ ಬೇಡ' ಎಂದರು. ಆ ವರ್ಷ ಉತ್ತಮ ಸಣ್ಣ ಕಥೆಗೆ ಪ್ರಶಸ್ತಿಯೇ ಇಲ್ಲವಾಯಿತು. ಓದದೆ ಮೆಚ್ಚುವುದು ಎಷ್ಟು ತಪ್ಪೋ, ಓದದೆ ತಿರಸ್ಕರಿಸುವುದೂ ಅಷ್ಟೇ ತಪ್ಪು ಎಂದು ನಮ್ಮ ಅನಿಸಿಕೆ.

ಆ ಗದ್ದಲದಲ್ಲಿಯೂ ಒಂದು ಸಂಗತಿ ನಮಗೆ ಮೆಚ್ಚುಗೆಯಾಯಿತು. ಪಟ್ಟಿಯ ಬಲದಿಂದ ಆಯ್ಕೆಯಾಗಿದ್ದ ಮಾರ್ಕೋ ಕ್ಲೂಸ್ ಎಂಬ ಲೇಖಕರು ತಮ್ಮ ಕಾದಂಬರಿಯನ್ನು ತಾವೇ ಹಿಂದಕ್ಕೆ ಪಡೆದರು. ತೆರವಾದ ಸ್ಥಾನಕ್ಕೆ ಚೀನಾದ ಲಿಯು ಸಿಶಿನ್ ಅವರ 'ದಿ ಥ್ರೀ-ಬಾಡಿ ಪ್ರಾಬ್ಲಮ್' ಬಂದು, ಗೆದ್ದೇ ಬಿಟ್ಟಿತು. ಅನುವಾದಗೊಂಡ ಕಾದಂಬರಿಗೆ ಹ್ಯೂಗೋ ದೊರೆತದ್ದು ಅದೇ ಮೊದಲು. ಒಬ್ಬರು ಬಿಟ್ಟುಕೊಟ್ಟ ಜಾಗದಿಂದ ಇಡೀ ಲೋಕವೇ ಒಂದು ಒಳ್ಳೆಯ ಪುಸ್ತಕವನ್ನು ಗುರುತಿಸಿತು!

ನಮ್ಮ ನೆರೆಯ ಮರಾಠಿಯಲ್ಲಿ ಇನ್ನೊಂದು ಸುಂದರ ನಿದರ್ಶನವಿದೆ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವೈಜ್ಞಾನಿಕ ಕಥಾ ಸ್ಪರ್ಧೆಯನ್ನು ಏರ್ಪಡಿಸಿತ್ತು. ಆಗಲೇ ಪ್ರಖ್ಯಾತರಾಗಿದ್ದ ಖಗೋಳವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ 'ನಾರಾಯಣ ವಿನಾಯಕ ಜಗತಾಪ' ಎಂಬ ಹೆಸರಿನಿಂದ ಕಥೆ ಕಳುಹಿಸಿದರು. ಅಕ್ಷರದ ಗುರುತೂ ಸಿಗದಿರಲೆಂದು ಪತ್ನಿಯಿಂದ ಬರೆಯಿಸಿದರು. ಮೊದಲ ಬಹುಮಾನ ಅದಕ್ಕೇ ಬಂತು. ಗೆದ್ದದ್ದು ಕಥೆ, ಕೀರ್ತಿಯಲ್ಲ!

ಹಾಗಾದರೆ ಮತದಾನವೇ ಬೇಡ, ಗುರುಗಳೇ ಆರಿಸಲಿ ಎಂದು ಕೆಲವು ಗೆಳೆಯರು ಹೇಳುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ನಾವಿರುವ ಈ ಗೋವೆಯ ಜನ 1967ರ ಜನವರಿ 16ರಂದು ತಮ್ಮ ನಾಡು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಬೇಡವೇ ಎಂಬುದನ್ನೇ ಮತದಿಂದ ತೀರ್ಮಾನಿಸಿದರು. ಮತ ಅಷ್ಟು ದೊಡ್ಡದು. ದೋಷ ಮತದಲ್ಲಿಲ್ಲ, ಓದದೆ ಎತ್ತಿದ ಕೈಯಲ್ಲಿದೆ.

ಆದ್ದರಿಂದ ಮುಂದಿನ ವರ್ಷದ ತಮ್ಮ ತಂಗಿಯರಿಗೆ ನಮ್ಮ ಸೂಚನೆ ಇಷ್ಟೆ: ಹೆಸರುಗಳನ್ನು ಮುಚ್ಚಿರಿ, ಎಲ್ಲ ಕಥೆಗಳನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿರಿ, ಕೈಯೆತ್ತದೆ ಚೀಟಿಯಲ್ಲಿ 1, 2, 3 ಎಂದು ಬರೆಯಿರಿ. ಪೋಷಕರಲ್ಲಿಯೂ ಒಂದು ಬಿನ್ನಹ. "ಯಾವ ಊರಿನವರ ಮಗು ಗೆದ್ದಿತು?" ಎಂದು ಕೇಳುವ ಬದಲು "ಆ ಕಥೆ ಏನು, ಹೇಳು ನೋಡೋಣ" ಎಂದು ಕೇಳಿರಿ. ಆಗ ಮಕ್ಕಳು ಓದಿಯೇ ಓದುತ್ತಾರೆ.