ಪೊರೆಯೆಂದು ಕಾಯುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಹಿರಿಯರ ಕಣ್ಣು ಮಂಜಾಯಿತೆಂದರೆ ಮನೆಯವರಿಗೆ ತೋಚುವ ಸಮಾಧಾನ ಒಂದೇ: “ಪೊರಿ ಬಂದೈತಿ, ಬಲೀಲಿ, ಆಮ್ಯಾಲ ತೆಗಸೋಣು.” ಈ ಭರವಸೆ ನಿರಾಧಾರವಾದುದಲ್ಲ. 1916ರಲ್ಲಿ ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿ 2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ಹೂಡಿ ಅಸಂಖ್ಯ ಜನರ ಪೊರೆ ತೆಗೆದರು. ಕುರುಡರೆನಿಸಿಕೊಂಡವರು ಪಟ್ಟಿ ಬಿಚ್ಚಿದೊಡನೆ ಮೊಮ್ಮಕ್ಕಳ ಮುಖ ಕಂಡರು. ತಡವಾದರೂ ದೃಷ್ಟಿ ಮರಳೀತೆಂಬ ನಂಬಿಕೆ ಹಾಗೆ ಬೇರೂರಿತು.

ಆದರೆ ಗ್ಲಾಕೋಮಾ ಕಾಯುವವರನ್ನು ಮನ್ನಿಸುವ ರೋಗವಲ್ಲ. ಕಣ್ಣಿನೊಳಗೆ ತಿಳಿಯಾದ ದ್ರವವೊಂದು ಸದಾ ಊರಿ ಹರಿದುಹೋಗುತ್ತಿರುತ್ತದೆ. ಅದು ಸರಿಯಾಗಿ ಹರಿಯದಿದ್ದರೆ ಒತ್ತಡವೇರಿ, ಕಂಡದ್ದನ್ನು ಮಿದುಳಿಗೆ ಮುಟ್ಟಿಸುವ ನರ ನಶಿಸುತ್ತದೆ. ನಶಿಸಿದ ನರವನ್ನು ಮರಳಿ ಚಿಗುರಿಸುವ ಚಿಕಿತ್ಸೆಯಿಲ್ಲ. ಸಾಮಾನ್ಯವಾಗಿ ನೋವಿಲ್ಲ, ಮೊದಲು ಮಸಳುವುದು ಪಕ್ಕದ ನೋಟ. ಅಜ್ಜ ಪತ್ರಿಕೆಯನ್ನು ಸರಾಗವಾಗಿ ಓದುತ್ತಾರೆ, ಬಾಗಿಲ ಚೌಕಟ್ಟಿಗೆ ಮಾತ್ರ ಭುಜ ತಾಗಿಸಿಕೊಳ್ಳುತ್ತಾರೆ. ಇನ್ನೊಂದು ಬಗೆಯಲ್ಲಿ ಕಣ್ಣು ಒಮ್ಮೆಗೇ ಕೆಂಪೇರಿ, ಸಹಿಸಲಾರದ ನೋವು, ವಾಂತಿ ಕಾಣಿಸಿಕೊಂಡು, ದೀಪದ ಸುತ್ತ ಬಣ್ಣದ ಬಳೆಗಳು ತೋರುತ್ತವೆ. ಪಿತ್ತವೆಂದು ಶುಂಠಿ ಕಷಾಯ ಕುಡಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊರೆ ಅತಿಯಾಗಿ ಬಲಿತರೂ ಒತ್ತಡ ಏರಬಹುದು; ‘ಬಲೀಲಿ’ ಎಂಬ ಮಾತು ಅಲ್ಲಿಯೂ ಅಪಾಯವೇ.

ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿದರೆ ಈ ರೋಗ ಸಿಕ್ಕಿಬೀಳುವುದಿಲ್ಲ. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅಷ್ಟೇ ಇದ್ದವರಿಗೂ ರೋಗ ಬರಬಹುದಾದ್ದರಿಂದ ನರವನ್ನೂ ಪಕ್ಕದ ನೋಟವನ್ನೂ ಪರೀಕ್ಷಿಸಬೇಕು. ನಲವತ್ತು ದಾಟಿದವರು, ಅದಕ್ಕಿಂತ ಮಿಗಿಲಾಗಿ ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳು, ಈ ಪರೀಕ್ಷೆಯನ್ನು ಮುಂದೂಡಬಾರದು. ತುರಿಕೆಗೆಂದು ಸ್ಟೀರಾಯ್ಡ್ ಹನಿಗಳನ್ನು ತಾವಾಗಿಯೇ ಕೊಂಡು ತಿಂಗಳುಗಟ್ಟಲೆ ಹಾಕಿಕೊಂಡವರೂ ಅಷ್ಟೇ.

ಚಿಕಿತ್ಸೆ ಬಹುಮಟ್ಟಿಗೆ ದಿನನಿತ್ಯದ ಹನಿ. ಅದು ಸಾಲದಾದರೆ ಲೇಸರ್ ಅಥವಾ ಶಸ್ತ್ರಕ್ರಿಯೆ. ತೊಡಕಿರುವುದು ಹನಿಯಲ್ಲೇ. ಹಾಕಿಕೊಂಡರೆ ನೋಟವೇನೂ ತಿಳಿಯಾಗದು, ಬಿಟ್ಟರೆ ಮರುದಿನ ಕೆಡುಕೂ ಕಾಣದು. “ಗುಣ ಇಲ್ಲ” ಎಂದು ಹಿರಿಯರು ಸೀಸೆಯನ್ನು ಮೂಲೆಗೆ ಸರಿಸುವುದು ಇದರಿಂದಲೇ. ಇದ್ದ ನೋಟ ಉಳಿಯುವುದೇ ಅದರ ಗುಣವೆಂದು ವೈದ್ಯರು ಮೊದಲ ದಿನವೇ ಬಿಡಿಸಿ ಹೇಳಿದರೆ ಎಷ್ಟೋ ಕಣ್ಣುಗಳು ಉಳಿದಾವು. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಎರಡನೆಯ ಔಷಧವಿದ್ದರೆ ಐದು ನಿಮಿಷ ಬಿಟ್ಟು ಹಾಕಬೇಕು. ಟಿಮೊಲಾಲ್‌ನಂಥ ಹನಿ ಉಬ್ಬಸವನ್ನು ಕೆರಳಿಸಬಲ್ಲದು. ಉಬ್ಬಸವಿರುವವರು ಅದನ್ನು ಕಣ್ಣಿನ ವೈದ್ಯರಿಗೂ ತಿಳಿಸಬೇಕು.